ಉಪ್ಪಿನಕಾಯಿ ಬಾಟಲಿಯ ಹವಳ

ಲೋಕಕ್ಕೆ ಒಂದು ಹೊಸ ಜೀವಿಯನ್ನು ಪರಿಚಯಿಸುವ ಯೋಗ ನನ್ನ ಹಣೆಯಲ್ಲಿದೆ ಎಂಬ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ನಾನು ಮಂಜೇಶ್ವರದ ಕಡಲ ಬದಿಯವನು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಒಂದು ಬೆಳಿಗ್ಗೆ ನೆರೆಮನೆಯ ಗಂಗಾಧರಣ್ಣನ ಬಲೆಯಲ್ಲಿ ಬಂಡೆಯ ಚೂರಿನ ಸಮೇತ ಒಂದು ಮೃದು ಹವಳ ಸಿಕ್ಕಿತು. ಆಭರಣದ ಹವಳದಂತೆ ಕಲ್ಲಲ್ಲ, ಮುಟ್ಟಿದರೆ ಮೆತ್ತಗೆ ಬಾಗುವ ಜೀವಿ. ನನ್ನಲ್ಲಿದ್ದ ಯಾವ ಪುಸ್ತಕದಲ್ಲೂ ಅದು ಇರಲಿಲ್ಲ. ಹೊಸ ಜಾತಿ! ಅಂಥದ್ದನ್ನು ಮೊದಲು ವರ್ಣಿಸಿದವನ ಹೆಸರು ಅದರ ಹೆಸರಿಗೆ ಅಂಟಿಕೊಂಡು ಶಾಶ್ವತವಾಗಿ ಉಳಿಯುತ್ತದೆ. ಆ ಹೆಸರು ನನ್ನದೇ ಆಗಬೇಕು, ನನ್ನೊಬ್ಬನದೇ ಆಗಬೇಕು ಎಂದು ಅಲ್ಲೇ ಮರಳಿನ ಮೇಲೆ ನಿಂತು ತೀರ್ಮಾನಿಸಿದೆ.

ಓಣಂ ರಜೆ, ಕಾಲೇಜಿನ ಲ್ಯಾಬಿಗೆ ಬೀಗ. ಮನೆಯಲ್ಲಿದ್ದ ಖಾಲಿ ಉಪ್ಪಿನಕಾಯಿ ಬಾಟಲಿಗೆ ಸ್ಪಿರಿಟ್, ಅಂದರೆ ಮದ್ಯಸಾರ, ಸುರಿದು ಹವಳವನ್ನು ಮುಳುಗಿಸಿಟ್ಟೆ. ಅಷ್ಟಾಗುವಾಗ ಮಾಮ ಬಂದರು. ನನ್ನ ಹೆತ್ತ ಉಮ್ಮನ ಅಣ್ಣ, ಊರ ಮಸೀದಿಯ, ನಮ್ಮ ಪಳ್ಳಿಯ, ಕಮಿಟಿಯಲ್ಲಿ ದೊಡ್ಡ ಜನ. ಮೂಗು ಇನ್ನೂ ದೊಡ್ಡದು. ಒಳಗೆ ಬಂದವರೇ ಗಾಳಿಯನ್ನು ಎರಡು ಸಲ ಎಳೆದು, ಎಂತದು ವಾಸನೆ ಎಂದು ಕೇಳಿದರು. ಇದು ವಿಜ್ಞಾನ ಎಂದು ಎದೆ ತಟ್ಟಿ ಹೇಳಬೇಕಿದ್ದ ವಿಜ್ಞಾನಿ, "ಉಪ್ಪಿನಕಾಯಿ ಮಾಮ, ಕಡಲಿನದ್ದು. ಕೊಚ್ಚಿಯ ಮೇಡಂಗೆ ಕೊಡಲಿಕ್ಕುಂಟು" ಎಂದುಬಿಟ್ಟ!

ನಮ್ಮ ಕಡೆ ಮೀನಿನದ್ದು, ಮರುವಾಯಿ ಚಿಪ್ಪಿನದ್ದು ಎಲ್ಲ ಉಪ್ಪಿನಕಾಯಿ ಮಾಡುವುದರಿಂದ ಮಾಮ ನಂಬಿದರು. ತೊಂದರೆಯೆಂದರೆ ಉಮ್ಮನೂ ನಂಬಿದರು. ಬಾಟಲಿ ಅಡುಗೆಮನೆಯ ಕಪಾಟು ಸೇರಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಕೊಚ್ಚಿಯ ಮೇಡಂ ಮೃದು ಹವಳಗಳ ವಿಷಯದಲ್ಲಿ ಕೊನೆಯ ಮಾತು. ಅವರು ಹೌದೆಂದರೆ ಹೊಸ ಜಾತಿ, ಅಲ್ಲವೆಂದರೆ ಬರೀ ಕಡಲ ಕಸ. ಹೊರಡುವ ದಿನ ಉಮ್ಮ ಬಾಟಲಿಗೆ ಪೇಪರ್ ಸುತ್ತಿ, ಮೇಲಿಂದ ಪ್ಲಾಸ್ಟಿಕ್ ಕಟ್ಟಿ, ದಾರ ಬಿಗಿದು ಕೈಗೆ ಕೊಟ್ಟರು. ರೈಲಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು, ನೊಬೆಲ್ ಕೊಡುವ ಸ್ವೀಡನ್ನಿನಿಂದ ಯಾರಾದರೂ ಫೋನ್ ಮಾಡಿದರೆ ಯಾವ ಇಂಗ್ಲಿಷಿನಲ್ಲಿ ವಿನಯ ತೋರಿಸುವುದೆಂದು ಯೋಚಿಸುತ್ತಾ ಕುಳಿತೆ.

ಮೇಡಂ ಮೇಜಿನ ಮೇಲೆ ಕಟ್ಟು ಬಿಚ್ಚಿ ಮುಚ್ಚಳ ತೆಗೆದರು. ಕೋಣೆಯಲ್ಲೆಲ್ಲ ವಿನೆಗರ್, ಬೆಳ್ಳುಳ್ಳಿ, ಗಾಂಧಾರಿ ಮೆಣಸು! ಅವರು ಒಂದು ಚೂರು ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಮೃದು ಹವಳದ ಮೈಯೊಳಗೆ ಸುಣ್ಣದ ಪುಟ್ಟ ಪುಟ್ಟ ಮುಳ್ಳುಗಳಿರುತ್ತವೆ, ಅವುಗಳ ಆಕಾರ ನೋಡಿಯೇ ಜಾತಿ ಹೇಳುವುದು. ಹುಳಿ ತಾಗಿದರೆ ಸುಣ್ಣ ಕರಗುತ್ತದೆ. ಇದನ್ನು ನಾನೇ ಮಕ್ಕಳಿಗೆ ಪಾಠ ಮಾಡಿದ್ದೇನೆ.

ಮೇಡಂ ತಲೆಯೆತ್ತಿ ಬಹಳ ಗಂಭೀರವಾಗಿ ಹೇಳಿದರು: "ಮುಳ್ಳು ಒಂದೂ ಇಲ್ಲ ಮಾಷೆ. ಒಂದು ಮೆಣಸಿನ ಬೀಜ ಉಂಟು."

ಊರಿಗೆ ಬಂದು ಉಮ್ಮನ ಮುಂದೆ ಕುಳಿತು ಎಲ್ಲ ಹೇಳಿದೆ. ಔಷಧಿ ವಾಸನೆ ಬರುವ ಉಪ್ಪಿನಕಾಯಿಯನ್ನು ಕೊಚ್ಚಿಯ ಮೇಡಂಗೆ ಕಳಿಸಿದರೆ ಮನೆಯ ಮರ್ಯಾದೆ ಎಂತಾಗಬೇಕು ಎಂದು ನೀರು ಚೆಲ್ಲಿ, ತೊಳೆದು, ಒಳ್ಳೆಯ ವಿನೆಗರ್ ಹಾಕಿದ್ದಾಗಿ ಅವರು ಹೇಳಿದರು. ಸ್ಪಿರಿಟ್ ಎಂದು ಕೇಳಿ ಸಿಟ್ಟಾಗುತ್ತಾರೆಂದು ಕಾದೆ.

"ಆಸ್ಪತ್ರೆಯಲ್ಲಿ ಸೂಜಿ ಹಾಕುವ ಮೊದಲು ಉಜ್ಜುವುದೂ ಅದೇ ಅಲ್ವಾ ಮೋನೇ?" ಎಂದರು ಉಮ್ಮ. "ಹೇಳಿದ್ದರೆ ಮುಚ್ಚಳ ನಾನೇ ಗಟ್ಟಿ ಮಾಡಿ ಇಡುತ್ತಿದ್ದೆ."

ಆಮೇಲೆ ದಿನಾ ಬೆಳಿಗ್ಗೆ ಕಡಲ ಬದಿಗೆ ಹಾಜರಾದೆ. ನನ್ನನ್ನು ದೂರದಿಂದ ಕಂಡ ಕೂಡಲೇ ಗಂಗಾಧರಣ್ಣ ಇಲ್ಲವೆಂದು ಕೈಯಾಡಿಸುತ್ತಿದ್ದರು. ಮಳೆಗಾಲ ಕಳೆದು ಬಲೆ ಮತ್ತೆ ಅದೇ ಬಂಡೆಗೆ ಸಿಕ್ಕಿಕೊಂಡಾಗ ಇನ್ನೊಂದು ಬಂತು! ಅವರೇ ಅದನ್ನು ಕಡಲ ನೀರಿನ ಬಕೆಟಿನಲ್ಲಿ ಮನೆಗೆ ತಂದುಕೊಟ್ಟರು. ಸುದ್ದಿ ತಿಳಿದ ಮೇಡಂ ಅಡುಗೆಮನೆಯಿಂದ ದೂರ ಇಡಲು ಆಜ್ಞೆ ಮಾಡಿ, ತಮ್ಮ ಶಿಷ್ಯರನ್ನೇ ಕಳಿಸಿ ತರಿಸಿಕೊಂಡರು.

ಅದು ನಿಜವಾಗಿಯೂ ಹೊಸ ಜಾತಿ. ನನ್ನ ಕಣ್ಣು ತಪ್ಪಿರಲಿಲ್ಲ! ಮುಳ್ಳುಗಳನ್ನು ಅಳೆದದ್ದು, ಚಿತ್ರ ಬರೆದದ್ದು, ಹೆಸರಿಟ್ಟದ್ದು ಎಲ್ಲ ಮೇಡಂ. ಸ್ಪಿರಿಟಿನಲ್ಲಿ ಬಣ್ಣ ಹೋಗುತ್ತದೆ, ಆಗ ನಮ್ಮ ಕೈಯಲ್ಲಿ ಕ್ಯಾಮೆರಾ ಫೋನೂ ಇರಲಿಲ್ಲ. ಹಾಗಾಗಿ ಜೀವವಿದ್ದಾಗಿನ ಬಣ್ಣದ ಬಗ್ಗೆ ಒಂದು ವಾಕ್ಯ ಬರೆಯುವ ಕೆಲಸ ನನಗೆ ಬಂತು. ಲೇಖನದ ಕೊನೆಯ ಹೆಸರು ನನ್ನದು.

ಪತ್ರಿಕೆ ಬಂದ ದಿನ ಮಾಮನನ್ನೂ ಕರೆಸಿ, ಎಲ್ಲರನ್ನೂ ಕೂರಿಸಿ, ಎದ್ದು ನಿಂತು ನನ್ನ ವಾಕ್ಯವನ್ನು ಕನ್ನಡದಲ್ಲಿ ಓದಿದೆ: "ಜೀವವಿದ್ದಾಗ ಇದರ ಬಣ್ಣ, ಸೀಳಿದ ಪೇರಳೆ ಹಣ್ಣಿನ ಒಳಗಿನ ತಿಳಿಗೆಂಪು." ಉಮ್ಮನ ಕಣ್ಣು ತುಂಬಿತು. ಮಾಮ ಮಾಶಾ ಅಲ್ಲಾ ಎಂದರು. ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಚಹಾ ಹಿಡಿದು ಬಂದ ನನ್ನ ಹೆಂಡತಿ ಸಫಿಯಾ ಬಾಗಿಲಲ್ಲೇ ನಿಂತಳು.

"ಪೇರಳೆ ಅಂತ ಹೇಳಿದ್ದು ನಾನಲ್ವಾ? ಬಕೆಟಿನಲ್ಲಿ ನೋಡಿ ನೀವು ಕೆಂಪು ಅಂದದ್ದು."

ಹೌದು, ಅವಳೇ ಹೇಳಿದ್ದು. ಆದರೆ ಆ ವಾಕ್ಯದ ಕೊನೆಗೊಂದು ಪೂರ್ಣವಿರಾಮವಿದೆ. ಅದನ್ನು ಇದುವರೆಗೆ ಯಾರೂ ತಮ್ಮದೆಂದು ಹೇಳಿಕೊಂಡು ಬಂದಿಲ್ಲ!