ಹುಣಸೆಮರದ ತಿರುವಿನಲ್ಲಿ ಮಾವನವರ ಕಾರು

ಹಳೆಯ ವಸ್ತುಗಳ ದೊಡ್ಡ ದೋಷ ಅವು ಕೆಡುವುದಲ್ಲ, ಪೂರ್ತಿ ಕೆಡದೆ ಉಳಿಯುವುದು. ಪೂರ್ತಿ ಕೆಟ್ಟರೆ ಎಸೆದು ಕೈತೊಳೆದುಕೊಂಡು ಹೊಸದನ್ನು ತರಬಹುದು. ಅರ್ಧ ಕೆಟ್ಟ ವಸ್ತು ಮನೆಯಲ್ಲಿ ಕೂತಿತೆಂದರೆ ಗಂಡಹೆಂಡಿರ ನಡುವೆ ಮಾತು ಬೆಳೆಯುತ್ತದೆ, ನೆರೆಹೊರೆಯವರಿಗೆ ಸಲಹೆ ಕೊಡುವ ಚಪಲ ಹುಟ್ಟುತ್ತದೆ. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವನು. ಯಾವ ಸೇತುವೆಯನ್ನು ರಿಪೇರಿ ಮಾಡಿಸಬೇಕು, ಯಾವುದನ್ನು ಕೆಡವಿ ಹೊಸದಾಗಿ ಕಟ್ಟಿಸಬೇಕು ಎಂಬ ಕಡತಗಳು ನನ್ನ ಮೇಜಿನ ಮೇಲಿಂದಲೇ ಹಾದುಹೋಗುತ್ತಿದ್ದವು. ಕಣ್ಣಿಂದ ನೋಡಿಯೂ ಇರದ ಸೇತುವೆಗಳ ಹಣೆಬರಹವನ್ನು ಮಧ್ಯಾಹ್ನದ ಕಾಫಿಗೆ ಮುಂಚೆ ಬರೆದು ಮುಗಿಸುತ್ತಿದ್ದೆ. ಅಂಥ ನಾನು, ನಮ್ಮ ಹಿತ್ತಲಿನಲ್ಲಿ ಮೂತಿ ಒಡೆದುಕೊಂಡು ಬಿದ್ದಿದ್ದ ಒಂದು ಕಾರನ್ನು ರಿಪೇರಿ ಮಾಡಿಸುವುದೋ ಗುಜರಿಗೆ ಹಾಕಿ ಹೊಸದು ಕೊಳ್ಳುವುದೋ ಎಂದು ತೀರ್ಮಾನಿಸಲಾಗದೆ ಒದ್ದಾಡಿದೆ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನಾನು ದೆವ್ವಭೂತಗಳನ್ನು ನಂಬುವವನಲ್ಲ. ಹೊತ್ತು ಮುಳುಗುವವರೆಗೆ ಈ ವಿಷಯದಲ್ಲಿ ನನ್ನಷ್ಟು ಗಟ್ಟಿ ಮನುಷ್ಯ ಇಡೀ ರಾಜಾಜಿನಗರದಲ್ಲಿ ಇರಲಿಲ್ಲ. ಆಗಿನ ರಾಜಾಜಿನಗರದಲ್ಲಿ ಮನುಷ್ಯರೇ ಕಡಿಮೆ ಇದ್ದರು ಎನ್ನುವುದು ಬೇರೆ ಮಾತು. ಎತ್ತ ನೋಡಿದರೂ ಸೈಟಿನ ಕಲ್ಲುಗಳು, ಲಂಟಾನಾ ಪೊದೆಗಳು, ಅಲ್ಲೊಂದು ಇಲ್ಲೊಂದು ಹೊಸ ಮನೆ. ಸಂಜೆಯಾದರೆ ನರಿಗಳು ನಮಗಿಂತ ಹಳಬರಂತೆ ಊಳಿಡುತ್ತಿದ್ದವು.

ಕಾರು ನನ್ನದಲ್ಲ, ಮಾವನವರದು. ಮಾವನವರು ಡಾಕ್ಟರು. ಎರಡನೇ ಮಹಾಯುದ್ಧಕ್ಕೆ ಮುಂಚೆ ಕೊಂಡಿದ್ದ ಆ ಕರಿ ಕಾರಿನಲ್ಲಿ ಮಾಗಡಿ ರಸ್ತೆಯ ಆಚೀಚಿನ ಹಳ್ಳಿಗಳನ್ನೆಲ್ಲ ಸುತ್ತಿ ರೋಗಿಗಳನ್ನು ನೋಡುತ್ತಿದ್ದರು. ನನ್ನ ಬಗ್ಗೆ ಅವರಿಗೆ ತಿರಸ್ಕಾರವೇನೂ ಇರಲಿಲ್ಲ, ನನ್ನ ಡ್ರೈವಿಂಗ್ ಬಗ್ಗೆ ಇತ್ತು. ಕೊನೆಗಾಲದಲ್ಲಿ ಅವರ ಕಣ್ಣು ಮಂಜಾಗಿ ನಾನು ಕಾರು ಓಡಿಸಬೇಕಾಗಿ ಬಂದಾಗ ಹಿಂದಿನ ಸೀಟಿನ ಎಡಮೂಲೆಯಲ್ಲಿ ಕೂತು, ನಾನು ಸ್ವಲ್ಪ ವೇಗ ಹೆಚ್ಚಿಸಿದರೆ ಸಾಕು, ಗಂಟಲು ಸರಿಮಾಡಿಕೊಂಡು "ಹೂಂ" ಎನ್ನುತ್ತಿದ್ದರು. ಬೈಗುಳವಾದರೆ ಉತ್ತರ ಕೊಡಬಹುದು, ಆ "ಹೂಂ"ಗೆ ಉತ್ತರವಿರಲಿಲ್ಲ. ಅವರು ತೀರಿಕೊಂಡ ಮೇಲೆ ಒಬ್ಬಳೇ ಮಗಳಾದ ನನ್ನ ಹೆಂಡತಿ ಗಿರಿಜೆಗೆ ಕಾರು ಬಂತು, ಮಾಗಡಿ ರಸ್ತೆಯಾಚೆಯ ಉಲ್ಲಾಳದ ಪಕ್ಕ ಒಂದು ಸಣ್ಣ ಸೀಬೆ ತೋಟ ಬಂತು. ನನಗೆ ಬಂದದ್ದು ಅವರ ಕರಿ ಕೋಟು ಮತ್ತು ಹ್ಯಾಟು. ಕಾರಿನ ಒಂದು ಕಿಟಕಿಯ ಗಾಜು ಮೇಲೇಳುತ್ತಿರಲಿಲ್ಲ. ಮಾಗಡಿ ರಸ್ತೆಯ ಕೆಂಧೂಳು ಅದರಿಂದಲೇ ನುಗ್ಗುತ್ತಿತ್ತು. ಹೀಗಾಗಿ ಶನಿವಾರ ತೋಟ ನೋಡಲು ಹೋಗುವಾಗಲೆಲ್ಲ ಗಿರಿಜೆ ನನಗೆ ಆ ಕೋಟು ತೊಡಿಸಿ, ಹ್ಯಾಟು ಇಡಿಸಿ, ಕಣ್ಣಷ್ಟೇ ಬಿಟ್ಟು ಮುಖಕ್ಕೆಲ್ಲ ಬಿಳಿ ಮಫ್ಲರ್ ಸುತ್ತಿ ಕಳಿಸುತ್ತಿದ್ದಳು.

ತೋಟದಿಂದ ಮರಳಿ ಬರುವ ದಾರಿಯಲ್ಲಿ ಹೇರೋಹಳ್ಳಿಯ ಕಡೆಗೆ ಎಡಕ್ಕೆ ಒಂದು ಮಣ್ಣುದಾರಿ ಕವಲೊಡೆಯುತ್ತದೆ. ಕವಲಿನಲ್ಲಿ ದೊಡ್ಡದೊಂದು ಹುಣಸೆಮರ. ಅದರ ತಗ್ಗಿನ ಕೊಂಬೆಯಲ್ಲಿ ಯಾವಾಗಲೂ ಒಂದು ತುಂಡು ಬಿಳಿ ಬಟ್ಟೆ ನೇತಾಡುತ್ತಿರುತ್ತಿತ್ತು. ಯಾರೋ ಪಂಚೆ ತುಂಡನ್ನು ಒಣಹಾಕಿದ್ದಾರೆ, ಪಾಪ, ಮನೆಯಲ್ಲಿ ಹಗ್ಗವಿಲ್ಲ ಎಂದುಕೊಂಡು ನಾನು ಮುಂದೆ ಹೋಗಿಬಿಡುತ್ತಿದ್ದೆ. ಆದರೆ ಆ ಜಾಗಕ್ಕೆ ಬಂದಾಗಲೆಲ್ಲ ಕಾರು ಎಡಕ್ಕೆ ಎಳೆಯುತ್ತಿತ್ತು. ಬೇರೆಲ್ಲೂ ಎಳೆಯದ ಕಾರು ಅಲ್ಲಿ ಮಾತ್ರ, ಮನೆ ಹತ್ತಿರ ಬಂದ ಎತ್ತಿನಂತೆ, ತಾನಾಗಿ ತಿರುಗುತ್ತಿತ್ತು. ನಾನು ಸ್ಟೇರಿಂಗನ್ನು ಬಲವಾಗಿ ಹಿಡಿದು ನೆಟ್ಟಗೆ ತರುತ್ತಿದ್ದೆ. ಆ ಶನಿವಾರ ಸಂಜೆ ಗಾಳಿ ಒಂಚೂರೂ ಇರಲಿಲ್ಲ, ಎಲೆ ಅಲ್ಲಾಡುತ್ತಿರಲಿಲ್ಲ. ಬಟ್ಟೆ ಮಾತ್ರ ಅಲ್ಲಾಡುತ್ತಿತ್ತು. ಅದೇಕೆ ಎಂದು ನೋಡುತ್ತ ಕೈ ಸಡಿಲಿಸಿದೆ. ಕಾರು ಎಡಕ್ಕೆ ತಿರುಗಿ ಹುಣಸೆಮರಕ್ಕೆ ಢೀ ಕೊಟ್ಟಿತು.

ಹಣೆಗೆ ಪೆಟ್ಟಾಯಿತು, ಅಷ್ಟೆ. ನನಗೆ ಬೇಸರವಾದದ್ದು ಆಮೇಲಿನ ಸಂಗತಿಯಿಂದ. ನಮ್ಮ ದೇಶದಲ್ಲಿ ಒಂದು ಕಾರು ಗುದ್ದಿಕೊಂಡರೆ ನೀರು ತರಲು ಒಬ್ಬ, ಸಲಹೆ ಕೊಡಲು ಹತ್ತು ಜನ ಓಡಿಬರುವುದು ವಾಡಿಕೆ. ಅಲ್ಲೇ ಎದುರಿಗೆ ಸೌದೆ ಹೊತ್ತ ಹೆಂಗಸರ ಗುಂಪೊಂದು ಬರುತ್ತಿತ್ತು. ನಾನು ಬಾಗಿಲು ತೆಗೆದು ಇಳಿದು "ಅಮ್ಮಾ" ಎಂದದ್ದೇ ತಡ, ಸೌದೆಯನ್ನೆಲ್ಲ ಅಲ್ಲೇ ಚೆಲ್ಲಿ ಒಂದು ಕೂಗೂ ಇಲ್ಲದೆ ಊರಿನ ಕಡೆ ಓಡಿದರು. ಓಡುವವರು ಕೂಗಿಕೊಂಡು ಓಡಿದರೆ ಅಷ್ಟು ಹೆದರಿಕೆಯಾಗುವುದಿಲ್ಲ. ಖಾಲಿ ರಸ್ತೆ, ಚೆದುರಿಬಿದ್ದ ಸೌದೆ, ಮರದ ಮೇಲಿನ ಬಟ್ಟೆ ಇವುಗಳ ನಡುವೆ ನಾನೊಬ್ಬನೇ ನಿಂತಿದ್ದೆ. ಹಿಂದಿನ ಸೀಟಿನಿಂದ ಮಾವನವರ ಔಷಧಿ ಪೆಟ್ಟಿಗೆಯ ಟಿಂಚರ್ ಅಯೋಡಿನ್ ವಾಸನೆ ದಟ್ಟವಾಗಿ ಬಂತು. ನನ್ನ ಹಣೆಯ ಗಾಯಕ್ಕೆ ಯಾರೋ ಔಷಧಿ ತೆಗೆಯುತ್ತಿರುವಂತೆ ಅನ್ನಿಸಿ, ಕಾರಿನತ್ತ ತಿರುಗಿ ನೋಡದೆ, ಹಿಂದಿನಿಂದ ಬಂದ ಒಂದು ಗಾಡಿ ಹತ್ತಿ ಮನೆ ಸೇರಿದೆ.

ಮರುದಿನ ಎತ್ತು ಕಟ್ಟಿ ಎಳೆಸಿ ತಂದು ಕಾರನ್ನು ಹಿತ್ತಲಲ್ಲಿ ನಿಲ್ಲಿಸಿ ತಾಡಪಾಲು ಹೊದಿಸಿದೆವು. ಮೆಕ್ಯಾನಿಕ್ ಗಫೂರ್ ಸಾಬರು ಬಂದು ನೋಡಿದರು. ಅವರ ಅಭಿಪ್ರಾಯ ಬೆಳಿಗ್ಗೆ ಒಂದಿದ್ದರೆ ಸಂಜೆ ಇನ್ನೊಂದು. ಗಿರಿಜೆ ಕಾಫಿ ತಂದುಕೊಟ್ಟಾಗ ಎಂಜಿನ್ನು ಬಂಗಾರ, ಮುಖ ಮಾತ್ರ ಹೋಗಿದೆ, ತಟ್ಟಿ ಸರಿಮಾಡಬಹುದು ಎನ್ನುವರು. ನಾನು ಗೇಟಿನವರೆಗೆ ಕಳಿಸಲು ಹೋದಾಗ, ಹಳೇ ಮಾಲು ಸಾರ್, ಸಾಮಾನು ಸಿಗೋದು ಕಷ್ಟ, ಹೊಸದು ತಗೊಳ್ಳಿ ಎನ್ನುವರು. ಹೊಸದು ಎಂದರೆ ನನ್ನ ಮನಸ್ಸಿನಲ್ಲಿ ಬೂದು ಬಣ್ಣದ ಒಂದು ಪುಟ್ಟ ಕಾರಿತ್ತು. ಅದರ ಕಿಟಕಿಗಳೆಲ್ಲ ಮೇಲೇಳುತ್ತಿದ್ದವು. ಮುಖ್ಯವಾಗಿ, ಅದರ ಹಿಂದಿನ ಸೀಟಿನಲ್ಲಿ ಯಾರೂ ಇನ್ನೂ ಕೂತಿರಲಿಲ್ಲ.

ಗಿರಿಜೆ ಜಗಳವಾಡಲಿಲ್ಲ. ಸಂಜೆ ಹೊತ್ತು ತಾಡಪಾಲಿನ ಅಂಚನ್ನು ಎತ್ತಿ ಒಳಗೆ ಹೋಗಿ ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ಒಂದು ದಿನ ಗುಜರಿಯವನನ್ನು ಕರೆಸುತ್ತೇನೆಂದು ಧೈರ್ಯ ಮಾಡಿ ಹೇಳಿದೆ. ಅವಳು ಜಾರಿದ್ದ ತಾಡಪಾಲಿನ ಅಂಚನ್ನು ಎಳೆದು ಸರಿಮಾಡಿದಳು.

"ಅಪ್ಪನ ವಾಸನೆ ಉಳಿದಿರೋದು ಇದೊಂದರಲ್ಲೇ ಕಣ್ರೀ," ಎಂದಳು ಆಮೇಲೆ. "ಇದನ್ನೂ ತೂಕಕ್ಕೆ ಹಾಕಿಬಿಡ್ತೀರಾ?"

ನನಗೆ ಅವಳ ಮೇಲೆ ಕನಿಕರವಾಯಿತು. ಆದರೆ ಆ ವಾಸನೆಯೇ ನನ್ನ ತೊಂದರೆ ಎಂದು ಅವಳಿಗೆ ಹೇಗೆ ಹೇಳುವುದು? ಮಾರನೆಯ ಸಂಜೆ ಇನ್ನೊಂದು ಸಂಗತಿ ನಡೆಯಿತು. ಆಗಿನ ಕಾರುಗಳಲ್ಲಿ ತಿರುಗುವ ದಿಕ್ಕು ತೋರಿಸಲು ಮಿನುಗುವ ದೀಪ ಇರಲಿಲ್ಲ. ಬಾಗಿಲ ಪಕ್ಕದ ಸಂದಿಯಿಂದ ಒಂದು ಪುಟ್ಟ ಕೆಂಪು ಕೈ ಹೊರಗೆ ಚಾಚಿಕೊಳ್ಳುತ್ತಿತ್ತು. ನಾನು ಬಚ್ಚಲ ಒಲೆಗೆ ಸೌದೆ ತರಲು ಹಿತ್ತಲಿಗೆ ಹೋದಾಗ ತಾಡಪಾಲು ಒಂದು ಕಡೆ ಮೆಲ್ಲಗೆ ಉಬ್ಬಿತು. ಎತ್ತಿ ನೋಡಿದರೆ ಎಡಗಡೆಯ ಕೈ ಹೊರಗೆ ಬಂದಿದೆ. ಒಳಕ್ಕೆ ಒತ್ತಿದೆ, ಹೋಯಿತು. ಬೆನ್ನು ತಿರುಗಿಸಿದ ಮೇಲೆ ಟಿಕ್ ಎಂದು ಮತ್ತೆ ಬಂತು. ಗಫೂರ್ ಸಾಬರು ಬಂದಾಗ ವೈರು ಕೆಟ್ಟಿರಬೇಕೆಂದು ಹೇಳಿದೆ. ಅವರು ಗಡ್ಡ ಕೆರೆದುಕೊಂಡು, ಬ್ಯಾಟರಿಯನ್ನು ತಾವೇ ಬಿಚ್ಚಿಕೊಂಡು ಹೋಗಿ ವಾರವಾಯಿತಲ್ಲ ಎಂದರು. ಆಮೇಲೆ ನನ್ನ ಮುಖ ನೋಡಿ, "ಹಳೇದಾದ್ರೆ ಹಂಗೇ ಸಾರ್," ಎಂದು ಸಮಾಧಾನ ಹೇಳಿದರು. ಆ ಕ್ಷಣದಲ್ಲಿ ಗುಜರಿಯೇ ಸರಿ ಎಂದು ತೀರ್ಮಾನಿಸಿದೆ. ಕಚೇರಿಯಲ್ಲಿ ಮಿತವ್ಯಯ ಎಂದು ಬರೆದ ಎಷ್ಟೋ ತೀರ್ಮಾನಗಳ ಹಿಂದೆ ಯಾರದೋ ಭಯವಿತ್ತೆಂದು ನನಗೆ ಹೊಳೆದದ್ದು ಆಗಲೇ.

ಗುಜರಿಯವನು ಬರಬೇಕಾದ ದಿನ ಬೆಳಿಗ್ಗೆ ಗಫೂರ್ ಸಾಬರು ತಾಡಪಾಲು ತೆಗೆದಿಟ್ಟಿದ್ದರು. ಹೇರೋಹಳ್ಳಿಯಿಂದ ನಮಗೆ ಹಾಲು ತರುತ್ತಿದ್ದ ಮರಿಯಪ್ಪ ಎಂದಿನಂತೆ ಹಿತ್ತಲ ಬಾಗಿಲಿಗೆ ಬಂದವನು ಕಾರನ್ನು ಕಂಡು ಅಲ್ಲೇ ನಿಂತ; ಮೊದಲೆಲ್ಲ ಅದು ಮನೆಯ ಮುಂದೆ ನಿಲ್ಲುತ್ತಿದ್ದುದರಿಂದ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಹಾಲಿನ ಕ್ಯಾನು ಕೆಳಗಿಟ್ಟು, ಚಪ್ಪಲಿ ಬಿಟ್ಟು, ಒಳಗೆ ಬರುವುದಿಲ್ಲ ಎಂದ. ಈ ಕಾರು ಇಲ್ಲಿಗೆ ಹೇಗೆ ಬಂತು ಎಂದು ಕೇಳಿದ. ಗಿರಿಜೆ, ಇದು ನಮ್ಮ ತಂದೆಯದು, ನೀನು ಬಲ್ಲೆಯಾ ಎಂದಳು. ಅವನು ಕೈಮುಗಿದ, ಅವಳಿಗೋ ಕಾರಿಗೋ ತಿಳಿಯಲಿಲ್ಲ.

"ಡಾಕ್ಟ್ರು ಇನ್ನೂ ಓಡಾಡ್ತಾರೆ ಅಮ್ಮಾವ್ರೇ," ಎಂದ. "ಶನಿವಾರ ಸಂಜೆ ಬತ್ತಾರೆ. ಅದೇ ಕಾರು, ಅದೇ ಕೋಟು, ಅದೇ ಹ್ಯಾಟು. ಹ್ಯಾಟಿನ ಕೆಳಗೆ ಮುಖಾನೇ ಇರಲ್ಲ. ಬರೀ ಬಿಳೀ ಬಟ್ಟೆ."

ನಾನು ಗಫೂರ್ ಸಾಬರ ಪಕ್ಕಕ್ಕೆ ಸರಿದು ನಿಂತೆ. ಅವನು ಮುಂದುವರಿಸಿದ. ಡಾಕ್ಟರ ಕಾಲದಲ್ಲಿ ಊರಲ್ಲಿ ಯಾರಿಗಾದರೂ ಕಾಯಿಲೆಯಾದರೆ ಹುಣಸೆಮರಕ್ಕೆ ಬಿಳಿ ಬಟ್ಟೆ ಕಟ್ಟುತ್ತಿದ್ದರಂತೆ. ಡಾಕ್ಟರು ಅದನ್ನು ಕಂಡು ಕಾರು ತಿರುಗಿಸಿ ಊರೊಳಗೆ ಬರುತ್ತಿದ್ದರಂತೆ. ಈಗಲೂ ಕಟ್ಟುತ್ತಾರೆ, ಆದರೆ ಡಾಕ್ಟರು ನಿಲ್ಲಿಸದೆ ಹೋಗುತ್ತಾರೆ. ಅವನ ತಾಯಿಗೆ ಕಾಲು ಊದಿಕೊಂಡು ಎಷ್ಟೋ ದಿನವಾಯಿತು, ಡಾಕ್ಟರಿಗೆ ತಮ್ಮ ಮೇಲೆ ಏನೋ ಕೋಪ ಎಂದು ಆಕೆ ಕೊರಗುತ್ತಿದ್ದಾಳೆ. ಅವರು ತೀರಿಕೊಂಡದ್ದು ನಿಮಗೆ ಗೊತ್ತಿಲ್ಲವೇ ಎಂದು ಗಿರಿಜೆ ಕೇಳಿದಳು.

"ಗೊತ್ತೈತೆ. ಸತ್ರೇನಮ್ಮಾ, ಡಾಕ್ಟ್ರು ಡಾಕ್ಟ್ರೇ ಅಲ್ವಾ?" ಎಂದ ಮರಿಯಪ್ಪ.

ಗಿರಿಜೆ ಗೋಡೆಯ ಗೂಟವನ್ನು ನೋಡಿದಳು. ಅಲ್ಲಿ ಕರಿ ಕೋಟು, ಅದರ ಮೇಲೆ ಹ್ಯಾಟು, ಹ್ಯಾಟಿನ ಕೆಳಗೆ ಬಿಳಿ ಮಫ್ಲರ್ ನೇತಾಡುತ್ತಿದ್ದವು. ಆಮೇಲೆ ನನ್ನನ್ನು ನೋಡಿದಳು. ಸೌದೆ ಚೆಲ್ಲಿ ಓಡಿದ ಹೆಂಗಸರು ಯಾಕೆ ಓಡಿದರೆಂದು ಆಗ ನನಗೆ ತಿಳಿಯಿತು. ಇಷ್ಟು ಕಾಲ ಹೇರೋಹಳ್ಳಿಯವರು ಹೆದರುತ್ತಿದ್ದದ್ದು ನನಗೆ. ಭಯಪಡಲು ನಾನು ಬೇರೆ ದೆವ್ವ ಹುಡುಕುತ್ತಿದ್ದೆ, ಮಾಗಡಿ ರಸ್ತೆಯ ದೆವ್ವ ನಾನೇ ಆಗಿದ್ದೆ. ಎದೆ ಹಗುರಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅದು ನಾನೇ ಕಣಯ್ಯಾ ಎಂದು ಮರಿಯಪ್ಪನಿಗೆ ವಿವರಿಸಿದೆ. ಕೋಟು ತೊಟ್ಟು, ಮಫ್ಲರ್ ಸುತ್ತಿ ತೋರಿಸಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದು, ದೀರ್ಘವಾಗಿ ನೋಡಿ, ಇರಬಹುದು ಎಂದು ಒಪ್ಪಿದ.

"ಆದ್ರೆ ಸಾಮಿ," ಎಂದ, "ಮೊನ್ನೆ ಶನಿವಾರನೂ ಬಂದಿದ್ರಲ್ಲ. ನಾನೇ ನೋಡ್ದೆ."

ಮೊನ್ನೆ ಶನಿವಾರ ಕಾರು ಈ ಹಿತ್ತಲಲ್ಲಿ ತಾಡಪಾಲಿನ ಕೆಳಗಿತ್ತು. ನಾನು ಹಣೆಗೆ ಪಟ್ಟಿ ಕಟ್ಟಿಕೊಂಡು ಪಡಸಾಲೆಯಲ್ಲಿ ಮಲಗಿದ್ದೆ. ನಗು ನಿಂತಿತು. ಗಫೂರ್ ಸಾಬರು ತಮ್ಮ ಸ್ಪ್ಯಾನರುಗಳನ್ನು ಬಹಳ ಶ್ರದ್ಧೆಯಿಂದ ಒರೆಸತೊಡಗಿದರು. ಗಿರಿಜೆಯ ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಅವಳು ಹೆದರಿದಂತೆ ಕಾಣಲಿಲ್ಲ. ಅಪ್ಪನಿಗೆ ಒಂದು ಊರಿನವರು ಕಾಯುತ್ತಿದ್ದಾರೆಂದರೆ ಮಗಳಿಗೆ ಎಷ್ಟು ಸಂತೋಷವೋ ಅಷ್ಟೂ ಅವಳ ಮುಖದಲ್ಲಿತ್ತು. ಗುಜರಿಯವನು ಬಂದರೆ ವಾಪಸು ಕಳಿಸಿ ಎಂದಷ್ಟೇ ಹೇಳಿ ಒಳಗೆ ಹೋದಳು. ಕಳಿಸಿದೆ. ನನ್ನ ಬೂದು ಬಣ್ಣದ ಕಾರು ಅಲ್ಲಿಗೆ ಮುಗಿಯಿತು.

ರಿಪೇರಿ ಮುಗಿಯಲು ಮಳೆಗಾಲ ಕಳೆಯಬೇಕಾಯಿತು. ಚಕ್ರಗಳನ್ನು ನೂಲು ಹಿಡಿದು ನೇರ ಮಾಡಿದ್ದೇನೆ, ಇನ್ನು ಎಲ್ಲೂ ಎಳೆಯುವುದಿಲ್ಲ ಎಂದು ಗಫೂರ್ ಸಾಬರು ಆಣೆಯಿಟ್ಟರು. ಮೊದಲ ಶನಿವಾರ ಗಿರಿಜೆಯೂ ಬಂದು ನನ್ನ ಪಕ್ಕದಲ್ಲಿ ಕೂತಳು. ನಾನು ಮಫ್ಲರನ್ನು ಮನೆಯಲ್ಲೇ ಬಿಟ್ಟು, ಧೂಳು ಬಿದ್ದರೆ ಬೀಳಲಿ ಎಂದು ಮುಖ ತೆರೆದುಕೊಂಡೇ ಹೋದೆ. ಉಲ್ಲಾಳದಿಂದ ಮರಳುವಾಗ ಹುಣಸೆಮರದಲ್ಲಿ ಬಟ್ಟೆ ಇತ್ತು. ಕಾರು ಎಡಕ್ಕೆ ಎಳೆಯಿತು. ಈ ಸಲ ನಾನು ತಡೆಯಲಿಲ್ಲ.

ಮರಿಯಪ್ಪನ ತಾಯಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ನನ್ನನ್ನು ನೋಡಿ, ಯಾಕಪ್ಪಾ ಇಷ್ಟು ದಿನ ನಿಲ್ಲಿಸಲಿಲ್ಲ ಎಂದು ಕೇಳಿದರು. ನಾನು ಡಾಕ್ಟರಲ್ಲಮ್ಮಾ, ಅವರ ಅಳಿಯ ಎಂದೆ. ಅದನ್ನು ಕಿವಿಗೇ ಹಾಕಿಕೊಳ್ಳದೆ ನಾಡಿ ನೋಡಲು ಕೈ ಮುಂದೆ ಚಾಚಿದರು. ಏನೂ ತಿಳಿಯದ ನಾನು ಸ್ವಲ್ಪ ಹೊತ್ತು ಆ ಕೈಯನ್ನು ಹಿಡಿದುಕೊಂಡೆ. ಪಟ್ಟಣದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುವುದೆಂದು ಗಿರಿಜೆ ಹೇಳಿದಳು. ಮರಿಯಪ್ಪ ತಾಯಿಯನ್ನು ಎತ್ತಿ ಹಿಂದಿನ ಸೀಟಿನ ಬಲಗಡೆ ಕೂರಿಸಿದ. ತಾನು ಒಳಗೆ ಕೂರಲು ಒಪ್ಪದೆ ಹೊರಗೆ ಮೆಟ್ಟಿಲಿನ ಹಲಗೆಯ ಮೇಲೆ ಕಂಬಿ ಹಿಡಿದು ನಿಂತ.

ಕಾರು ಹೊರಡುವಾಗ ಆಕೆ ಊದಿದ ಕಾಲನ್ನು ಸೀಟಿನ ಮೇಲೆ ಎತ್ತಿಟ್ಟುಕೊಳ್ಳುತ್ತ, ಎಡಮೂಲೆಯ ಕಡೆ ತಿರುಗಿ ಮೆತ್ತಗೆ, "ವಸಿ ಸರ್ಕೊಳ್ಳಿ ಡಾಕ್ಟ್ರೇ," ಎಂದರು.

ಗಿರಿಜೆ ಹಿಂದಕ್ಕೆ ತಿರುಗಿ ನೋಡಿದಳು. ನೋಡಿ, ಮತ್ತೆ ಮುಂದಕ್ಕೆ ತಿರುಗಿ ಕೂತಳು. ಅವಳು ಏನು ಕಂಡಳೆಂದು ನಾನು ಇವತ್ತಿನವರೆಗೆ ಕೇಳಿಲ್ಲ. ಹಳೇ ಕಾರನ್ನು ಯಾಕೆ ಇಟ್ಟುಕೊಂಡಿದ್ದೀರಿ, ಹೊಸದು ಕೊಳ್ಳಬಾರದೇ ಎಂದು ಗೆಳೆಯರು ಕೇಳಿದರೆ ಎಂಜಿನ್ನು ಬಂಗಾರ ಎಂದು ಗಫೂರ್ ಸಾಬರ ಮಾತನ್ನೇ ಹೇಳುತ್ತೇನೆ. ಡ್ರೈವಿಂಗ್ ಬಹಳ ಸುಧಾರಿಸಿದೆ ಎಂದೂ ಅವರೆಲ್ಲ ಹೊಗಳುತ್ತಾರೆ. ಸುಧಾರಿಸದೆ ಏನು? ಮೈಮರೆತು ಸ್ವಲ್ಪ ವೇಗ ಹೆಚ್ಚಿಸಿದರೆ ಸಾಕು, ಹಿಂದೆ ಯಾರೋ ಗಂಟಲು ಸರಿಮಾಡಿಕೊಳ್ಳುತ್ತಾರೆ.