ನಡುಮನೆಯ ಹಳದಿ ಚಿತ್ರ

ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎಂದು ಒಪ್ಪಿಕೊಳ್ಳಲು ಧೈರ್ಯ ಬೇಕು. ನನಗೆ ಅದಿಲ್ಲ. ಅದರ ಬದಲಿಗೆ ದೇವರು ಹಟವನ್ನು ಧಾರಾಳವಾಗಿ ಕೊಟ್ಟಿದ್ದಾನೆ. ಪಾಂಡವಪುರದಲ್ಲಿ ನಾವು ಮನೆ ಕಟ್ಟಿ ಗೃಹಪ್ರವೇಶ ಮಾಡಿದಾಗ ಬಂದವರೆಲ್ಲ ಗೋಡೆ ಗಡಿಯಾರ ಕೊಟ್ಟರು. ಆಫೀಸಿನ ಗೆಳೆಯನೊಬ್ಬ ಮಾತ್ರ ತಾನೇ ಬರೆದ ಆಧುನಿಕ ಚಿತ್ರ ಕೊಟ್ಟ. ಹಳದಿ ಬಣ್ಣದ ಮೇಲೆ ಎರಡು ಕಪ್ಪು ಮುದ್ದೆ, ಅವುಗಳ ಕೆಳಗೆ ಅಡ್ಡಡ್ಡ ಬಳಿದ ಇನ್ನೊಂದು ಮುದ್ದೆ, ಮೇಲ್ಗಡೆ ಒಂದು ಕೆಂಪು ಗೀಟು. ನೋಡಿದ ಕೂಡಲೇ "ಅದ್ಭುತ!" ಎಂದುಬಿಟ್ಟೆ. ಅಂದ ಮೇಲೆ ನಡುಮನೆಯಲ್ಲಿ ನೇತುಹಾಕದೆ ವಿಧಿಯಿರಲಿಲ್ಲ.

ನನ್ನ ಹೆಂಡತಿ ಜಯಮ್ಮ ಪಾಲಹಳ್ಳಿಯ ರೈತರ ಮನೆಯವಳು. "ರೀ, ಇದೇನು ಅಂತ ಯೋಳ್ಬುಡಿ, ಇರ್ಲಿ. ಯೋಳಕ್ಕಾಗ್ದಿದ್ರೆ ಇಳಿಸ್ಬುಡಿ, ಅಲ್ಲಿಗೆ ನಮ್ಮಪ್ಪನ ಫೋಟೊ ಆಕ್ತೀನಿ" ಎಂದಳು. ತೀರಿಕೊಂಡ ಮಾವನವರ ಮೇಲೆ ನನಗೆ ಗೌರವವಿದೆ. ಆದರೆ ಬದುಕಿರುವಷ್ಟು ದಿನವೂ ಅವರು ನನ್ನನ್ನು ದುರುಗುಟ್ಟಿಕೊಂಡೇ ನೋಡಿದವರು. ಇನ್ನು ಗೋಡೆಯ ಮೇಲಿಂದಲೂ ಶುರುಮಾಡಿದರೆ ಊಟ ಗಂಟಲಲ್ಲಿ ಇಳಿಯುವುದು ಹೇಗೆ? ಚಿತ್ರದ ಅರ್ಥ ತಿಳಿದೇ ತೀರುತ್ತೇನೆಂದು ಪಣ ತೊಟ್ಟು, ಒಂದು ಭಾನುವಾರ ಜಯಮ್ಮನನ್ನೂ ಹೊರಡಿಸಿಕೊಂಡು ಮೈಸೂರಿನ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಹೋದೆ. ಬಸ್ಸು ಬಾಬುರಾಯನಕೊಪ್ಪಲು ದಾಟುವ ಹೊತ್ತಿಗೆ ಕಲೆಯೆಂದರೇನು ಎಂಬ ಬಗ್ಗೆ ಅವಳಿಗೆ ಒಂದು ಭಾಷಣವನ್ನೇ ಮಾಡಿದ್ದೆ. ಅವಳು ಕಿಟಕಿಗೆ ಒರಗಿ ನಿದ್ದೆ ಮಾಡಿದ್ದಳು.

ಒಳಗೆ ನಾನು ಕೈ ಹಿಂದಕ್ಕೆ ಕಟ್ಟಿಕೊಂಡು, ಪ್ರತಿ ಚಿತ್ರದ ಮುಂದೆಯೂ ತಲೆ ಓರೆ ಮಾಡಿ "ಹೂಂ" ಎನ್ನುತ್ತಾ ಸಾಗಿದೆ. ಏನೂ ತಿಳಿಯಲಿಲ್ಲ. ಕೊನೆಯ ಕೋಣೆಯ ನಟ್ಟನಡುವೆ ನೆಲದ ಮೇಲೆ ಒಂದು ಭತ್ತದ ರಾಶಿ ಇತ್ತು. ಪಕ್ಕದಲ್ಲಿ ಒಂದು ಮೊರ, 'ಶೀರ್ಷಿಕೆಯಿಲ್ಲ' ಎಂಬ ಚೀಟಿ. ಇದೂ ಕಲೆಯೇ ಎಂದು ನಾನು ಬೆರಗಾಗುವಷ್ಟರಲ್ಲಿ ಜಯಮ್ಮ ಚಪ್ಪಲಿ ಬಿಟ್ಟು ಕೈ ಮುಗಿದಾಗಿತ್ತು. ಕಣಕ್ಕೆ ಮೆಟ್ಟು ಮೆಟ್ಟಿಕೊಂಡು ಹೋಗುವುದುಂಟೇ? ಮೇಲಾಗಿ, ರಾಶಿ ಮಾಡಿದ ಮೇಲೆ ಅದರ ನೆತ್ತಿಗೆ ಸಗಣಿಯ ಬೆನಕನನ್ನಿಟ್ಟು, ಗರಿಕೆ ಸಿಕ್ಕಿಸಿ, ಪೂಜೆ ಮಾಡುವುದು ನಮ್ಮ ಕಡೆಯ ಪದ್ಧತಿ.

"ಅಯ್ಯೋ, ಬೆನಕನ್ನೇ ಮಡಗಿಲ್ವಲ್ರೀ, ಬೋಳು ರಾಶಿ!" ಎಂದವಳೇ ಮುಡಿಯಿಂದ ಒಂದು ಸೇವಂತಿಗೆ ಕಿತ್ತು ರಾಶಿಯ ತುದಿಗೆ ಇಟ್ಟುಬಿಟ್ಟಳು. ಕಾವಲುಗಾರ ಓಡಿ ಬಂದ. "ಮುಟ್ಟಂಗಿಲ್ಲ ಕಣವ್ವ! ಇದು ಕಲೆ!"

"ಇದು ಕಲೆಯಾದ್ರೆ ನಮ್ಮಪ್ಪ ವರ್ಷಾ ವರ್ಷಾ ಮಾಡ್ತಿದ್ದದ್ದೇನಪ್ಪಾ?"

"ಅದು ಬೇಸಾಯ" ಎಂದೆ ನಾನು. ಅವಳು ನನ್ನನ್ನು ನೋಡಿದ ರೀತಿಯಲ್ಲಿ ಅವರಪ್ಪ ಕಂಡರು. ನಾಚಿಕೆಯಿಂದ ನಾನು ಅಲ್ಲೇ ಭೂಮಿಗಿಳಿದುಹೋದೆ. ಆದರೆ ಕಾವಲುಗಾರ ಆಚೀಚೆ ನೋಡಿ ದನಿ ತಗ್ಗಿಸಿದ. "ನಮ್ದೂ ಕೆ.ಆರ್. ಪೇಟೆ ಕಡೆ ಕಣವ್ವ. ಈ ರಾಶಿ ಬಂದ ದಿನದಿಂದ್ಲೂ ನಂಗೂ ಇದೇ ಕಸಿವಿಸಿ. ಹೂವ ಅಂಗೇ ಇರ್ಲಿ ಬುಡು."

"ಇದರ ಅರ್ಥವೇನಪ್ಪಾ?" ಎಂದು ಬಂದ ಕೆಲಸ ಬಿಡದೆ ಕೇಳಿದೆ.

"ನೋಡೋರಿಗೆ ಏನ್ ಕಾಣ್ತದೋ ಅದೇ ಅರ್ಥವಂತೆ ಸಾ. ದೊಡ್ಡೋರು ಯೋಳ್ತಾರೆ."

ನನಗೆ ಸಂತೋಷ ಉಕ್ಕಿಬಂತು. ಇಷ್ಟು ಸುಲಭವೇ! "ಕೇಳಿದೆಯಾ? ನಾನೂ ಅದನ್ನೇ ಹೇಳುತ್ತಿದ್ದದ್ದು. ಕಂಡದ್ದೇ ಅರ್ಥ. ಅದನ್ನು ಇಲ್ಲ ಅನ್ನುವ ಹಕ್ಕು ಯಾರಿಗೂ ಇಲ್ಲ" ಎಂದು ಪಾಂಡವಪುರ ಬರುವವರೆಗೂ ಜಯಮ್ಮನಿಗೆ ಒತ್ತಿ ಒತ್ತಿ ಹೇಳಿದೆ. ಈ ಸಲ ಅವಳು ನಿದ್ದೆ ಮಾಡಲಿಲ್ಲ.

ಮನೆಗೆ ಬಂದವಳು ದೀಪ ಹಚ್ಚಿ, ಹಳದಿ ಚಿತ್ರದ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಮೆಲ್ಲಗೆ ಅಂದಳು. "ರೀ, ಇದನ್ನ ಇಳಿಸ್ಬೇಡಿ. ಎರಡು ಕಣ್ಣು, ಕೆಳಗಡೆ ಮೀಸೆ, ಮ್ಯಾಲೆ ಕೆಂಪು ನಾಮ. ನಮ್ಮಪ್ಪನೇ ಕಣ್ರೀ!" ಅವಳ ಕಣ್ಣಲ್ಲಿ ನೀರಿತ್ತು. ಇಲ್ಲ ಎನ್ನುವ ಹಕ್ಕನ್ನು ನಾನೇ ದಾರಿಯುದ್ದಕ್ಕೂ ಕಳೆದುಕೊಂಡು ಬಂದಿದ್ದೆ.

ಹೀಗೆ ನನ್ನ ಹಟ ಗೆದ್ದಿತು, ಚಿತ್ರ ನಡುಮನೆಯಲ್ಲೇ ಉಳಿಯಿತು. ಅದಕ್ಕೀಗ ದಿನವೂ ಒಂದು ಸೇವಂತಿಗೆ. ಬಂದವರು "ಇದೇನು ಸಾರ್?" ಎಂದರೆ, ತಡವರಿಸದೆ "ನಮ್ಮ ಮಾವ" ಎನ್ನುತ್ತೇನೆ. ಊಟಕ್ಕೆ ಮಾತ್ರ ಗೋಡೆಗೆ ಬೆನ್ನು ಹಾಕಿ ಕೂರುತ್ತೇನೆ.