ದಿನಕರನ ಹಯಾತಿ ದಾಖಲಾ

ಧಾರಾವಾಹಿಯಲ್ಲಿ ಒಮ್ಮೆ ಸತ್ತ ಯಾವುದೇ ವ್ಯಕ್ತಿಯನ್ನು, ಸಕ್ಷಮ ಅಧಿಕಾರಿಯ ಹಯಾತಿ ದಾಖಲಾ ಇಲ್ಲದೆ, ಸೊಲ್ಲಾಪುರ ಮತ್ತು ಅಕ್ಕಲಕೋಟ ಭಾಗದಲ್ಲಿ ಯಾವ ಕಥೆಯಲ್ಲೂ ಬದುಕಿಸತಕ್ಕದ್ದಲ್ಲ. ಕಳೆದ ಜೂನ್ ಒಂದರಿಂದ ಈ ನಿಯಮ ಜಾರಿಯಲ್ಲಿದೆ. ಇದರಿಂದ ಸತ್ತವರ ಪೈಕಿ ಯಾರಿಗೂ ತೊಂದರೆಯಾದ ವರದಿ ಬಂದಿಲ್ಲ.

ಹಯಾತಿ ದಾಖಲಾ ಅಂದರೆ, ಪಿಂಚಣಿಯವರು ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ ‘ನಾನಿನ್ನೂ ಇದ್ದೇನೆ’ ಎಂದು ಮುಖ ತೋರಿಸಿ ತರುವ ಕಾಗದ. ಅದು ಕಥೆಯ ಪಾತ್ರಗಳಿಗೂ ಬೇಕಾದದ್ದು ಹೇಗೆಂದರೆ, ಗಡಿನಾಡ ಕನ್ನಡ ಓದುಗಾರಿಕೆ ಸಂವರ್ಧನ ಮಂಡಳಿಗೆ ಆ ವರ್ಷ ಓದುಗರು ಸಿಕ್ಕಿರಲಿಲ್ಲ. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನ ಹತ್ತಿರ, ಟವೆಲ್ ಅಂಗಡಿಯೊಂದರ ಮಾಳಿಗೆಯ ಮೇಲೆ ಇರುವ ಈ ಮಂಡಳಿ ಆರು ವರ್ಷದಿಂದ ಪುಸ್ತಕ ಹಂಚುತ್ತಿತ್ತು. ಪುಸ್ತಕಗಳು ಊರೂರಿಗೆ ಹೋಗಿ, ಕಟ್ಟು ಬಿಚ್ಚಿಸಿಕೊಳ್ಳದೆ ಸುಖವಾಗಿದ್ದವು. ಕೊನೆಗೆ ಕ್ಲರ್ಕ್ ಅಮೋಲ್ ಸಮೀಕ್ಷೆ ಮಾಡಿ, ಬೆಚ್ಚಿಬಿದ್ದು ವರದಿ ಕೊಟ್ಟ: ಜನ ಓದುತ್ತಿದ್ದಾರೆ, ಆದರೆ ಮೊಬೈಲಿನಲ್ಲಿ, ಅದೂ ಅನುಮತಿ ಇಲ್ಲದೆ. ಓದುತ್ತಿರುವುದು ಫ್ಯಾನ್ ಫಿಕ್ಷನ್. ಅಂದರೆ ಧಾರಾವಾಹಿಯ ಪಾತ್ರಗಳನ್ನು ಎತ್ತಿಕೊಂಡು ಅಭಿಮಾನಿಗಳೇ ಮುಂದುವರಿಸಿ ಬರೆಯುವ ಕಥೆ.

ಮಂಡಳಿ ಕೂಡಲೇ ಇದನ್ನು ತನ್ನ ಸಾಧನೆ ಎಂದು ಘೋಷಿಸಿತು. ಸಾಧನೆಯಾದ ಮೇಲೆ ನಿಯಂತ್ರಣ ಬೇಕು. ಆ ಬರಹಗಾರರು ತಮ್ಮೊಳಗೆ ಆಡುವ ಮಾತುಗಳನ್ನೆಲ್ಲ ಕೂಡಿಹಾಕಿ ಹನ್ನೊಂದು ಪುಟದ ಪರಿಭಾಷಾ ನಿಯಮಾವಳಿ ಹೊರಬಂತು.

ಅದರ ಪ್ರಕಾರ ‘ಕ್ಯಾನನ್’ ಎಂದರೆ ಟೀವಿಯಲ್ಲಿ ತೋರಿಸಿದ್ದು. ಅದು ಕಥೆಯ ಸಾತಬಾರಾ ಉತಾರೆ, ಅಂದರೆ ಪಹಣಿ; ಅದರಲ್ಲಿ ಯಾರ ಹೆಸರಿದೆಯೋ ಹೊಲ ಅವರದೇ. ‘ಹೆಡ್‌ಕ್ಯಾನನ್’ ಎಂದರೆ ಟೀವಿ ತೋರಿಸದಿದ್ದರೂ ಓದುಗ ಮನಸ್ಸಿನಲ್ಲೇ ಹೌದೆಂದು ನಂಬಿಕೊಂಡದ್ದು. ಇದು ಉತಾರೆಯಲ್ಲಿ ಹೆಸರಿಲ್ಲದೆ ಉಳುಮೆ ಮಾಡಿದಂತೆ, ಹನ್ನೆರಡು ವರ್ಷ ತಂಟೆಯಿಲ್ಲದೆ ನಂಬಿದವರು ಹಕ್ಕಿಗೆ ಅರ್ಜಿ ಹಾಕಬಹುದು. ‘ಶಿಪ್’ ಎಂದರೆ ಕಥೆಯ ಇಬ್ಬರು ಜೋಡಿಯಾಗಲೇಬೇಕೆಂದು ಓದುಗರು ಹಟ ಹಿಡಿಯುವುದು; ಎರಡೂ ಕಡೆಯ ಹಿರಿಯರ ಬೈಠಕ್ ಆಗದೆ ಯಾರನ್ನೂ ಶಿಪ್ ಮಾಡತಕ್ಕದ್ದಲ್ಲ. ‘ಸ್ಲೋ ಬರ್ನ್’, ಅಂದರೆ ನಿಧಾನಕ್ಕೆ ಬೆಳೆಯುವ ಪ್ರೀತಿಯಲ್ಲಿ, ಕೈ ಹಿಡಿಯುವುದಕ್ಕೆ ಕನಿಷ್ಠ ನಲವತ್ತು ಅಧ್ಯಾಯ ಹಿಡಿಯಬೇಕು. ಮಂಡಳಿಯ ಕಡತಗಳ ವೇಗವನ್ನು ಇದಕ್ಕೆ ಮಾದರಿಯಾಗಿ ಇಟ್ಟುಕೊಳ್ಳಬಹುದು. ಪ್ರಕಟಣೆಗೆ ಮುಂಚೆ ಓದಿ ತಿದ್ದುವ ‘ಬೀಟಾ’ ಹುದ್ದೆಗೆ ಕ್ಲರ್ಕ್ ಪದನಿಮಿತ್ತ ನೇಮಕಗೊಂಡ. ಒಂದೂ ದೋಷವಿಲ್ಲದ ಪಾತ್ರಕ್ಕೆ ಆ ಜನ ‘ಮೇರಿ ಸ್ಯೂ’ ಎಂದು ಹೆಸರಿಟ್ಟು ನಗುತ್ತಾರೆ; ಸಾಮಾನ್ಯ ಜನರ ಬಗ್ಗೆ ಹಾಗೆ ಬರೆಯುವುದು ತಪ್ಪು, ಅಧಿಕಾರಿಗಳ ಬಗ್ಗೆ ಬರೆದರೆ ಅದನ್ನು ವಸ್ತುಸ್ಥಿತಿ ಎಂದು ಪರಿಗಣಿಸತಕ್ಕದ್ದು.

ಕೊನೆಯದು ‘ಫಿಕ್ಸ್-ಇಟ್’. ಟೀವಿಯವರು ಕೆಡಿಸಿದ್ದನ್ನು ಅಭಿಮಾನಿ ಬರೆದು ಸರಿಪಡಿಸುವುದು. ಸತ್ತವರನ್ನು ಎಬ್ಬಿಸುವುದು ಇದರಲ್ಲೇ ಬರುತ್ತದೆ. ಹಯಾತಿ ದಾಖಲಾದ ನಿಯಮ ಇದಕ್ಕೆ ಅಂಟಿಕೊಂಡಿತ್ತು.

ಇದು ಅಕ್ಕಲಕೋಟದಾಚೆಯ ಮೈಂದರ್ಗಿಯ ಶೈಲಶ್ರೀಯ ನಿಶ್ಚಿತಾರ್ಥಕ್ಕೆ ಅಡ್ಡ ಬಂತು.

ಶೈಲಶ್ರೀ ಎಂಐಡಿಸಿಯ ಟವೆಲ್ ಕಾರ್ಖಾನೆಯೊಂದರಲ್ಲಿ ಮಾಲು ತಪಾಸಣೆ ಮಾಡುತ್ತಾಳೆ. ಬಸ್ಸಿನಲ್ಲಿ ಹೋಗಿಬರುವ ಹೊತ್ತಿನಲ್ಲಿ ಮೊಬೈಲಿನಲ್ಲಿ ಕಥೆ ಬರೆಯುತ್ತಾಳೆ. ಅವಳು ಕಲಿತದ್ದೆಲ್ಲ ಮರಾಠಿ ಸಾಲೆಯಲ್ಲಿ. ಕನ್ನಡ ಕಲಿಸಿದ್ದು ಆಯಿ ಕಲ್ಯಾಣಮ್ಮ, ಅಂದರೆ ಅಪ್ಪನ ತಾಯಿ. ಅಜ್ಜಿ ಮೊಮ್ಮಗಳು ಕೂಡಿ ‘ಮನೆ, ಮಗ್ಗ, ಮಮತೆ’ ಎಂಬ ಧಾರಾವಾಹಿ ನೋಡುತ್ತಿದ್ದರು. ಅದರಲ್ಲಿ ಚಂಪಾವತಿಯನ್ನು ಮನಸಾರೆ ಮೆಚ್ಚಿದ್ದ ಮಗ್ಗದ ಮೆಕ್ಯಾನಿಕ್ ದಿನಕರನನ್ನು ಆರುನೂರ ಹನ್ನೊಂದನೇ ಕಂತಿನಲ್ಲಿ ಟೀವಿಯವರು ಬಸ್ಸಿನ ಸಮೇತ ಸೇತುವೆಯಿಂದ ಹೊಳೆಗೆ ಹಾಕಿದರು. ಶವ ಸಿಗಲಿಲ್ಲ. ಕಲ್ಯಾಣಮ್ಮ ಟೀವಿ ಬಂದ್ ಮಾಡಿ, ತಲೆಗೆ ನೀರು ಹಾಕಿಕೊಂಡು, ಮನೆ ದುಃಖದಲ್ಲಿದೆ ಎಂದು ಸಾರಿದಳು. ದುಃಖದ ಮನೆಯಲ್ಲಿ ಹಬ್ಬವಿಲ್ಲ, ಒಲೆಯ ಮೇಲೆ ಎಣ್ಣೆ ಬಾಂಡಲೆ ಏರುವುದಿಲ್ಲ, ಶುಭಕಾರ್ಯವಂತೂ ಇಲ್ಲವೇ ಇಲ್ಲ.

“ಅವ್ವಾ, ಅಂವ ನಮ್ಮ ಬೀಗನಲ್ಲ, ಭಾವಕಿಯ ಅಣ್ಣತಮ್ಮನಲ್ಲ,” ಎಂದು ಶೈಲಶ್ರೀಯ ಅಪ್ಪ ಭೀಮಶಾ ಹೇಳಿ ನೋಡಿದ.

“ಆರುನೂರಾ ಹನ್ನೊಂದ್ ದಿನ ದಿನಾ ಸಂಜಿಕ್ ಮನಿಗಿ ಬಂದಾನ. ನಿಮ್ಮ ಭಾವಕಿಯವ್ರು ಎಷ್ಟ್ ಸಲ ಬಂದಾರ ಹೇಳು,” ಎಂದಳು ಕಲ್ಯಾಣಮ್ಮ.

ಭೀಮಶಾ ಬೆರಳು ಮಡಚಿ ಎಣಿಸಿದ, ಒಂದು ಕೈಯೂ ತುಂಬಲಿಲ್ಲ.

ಎರಡು ವರ್ಷ ಹೀಗೇ ಹೋಯಿತು. ಈ ಮಧ್ಯೆ ಅದೇ ಎಂಐಡಿಸಿಯ ನೂಲಿಗೆ ಬಣ್ಣ ಹಾಕುವ ಡೈಯಿಂಗ್ ಘಟಕದಲ್ಲಿ ಕೆಲಸ ಮಾಡುವ ಕಾಂತೇಶನ ಮನೆಯವರು ಶೈಲಶ್ರೀಯನ್ನು ನೋಡಿ ಒಪ್ಪಿದರು. ಶೈಲಶ್ರೀ ಕಾಂತೇಶನನ್ನು ಅದಕ್ಕೂ ಮುಂಚೆಯೇ ನೋಡಿ ಒಪ್ಪಿದ್ದಳು. ಸಾಖರಪುಡಾ, ಅಂದರೆ ಸಕ್ಕರೆ ಪುಡಿಕೆ ಕೊಟ್ಟು ನಿಶ್ಚಯ ಮಾಡುವ ಶಾಸ್ತ್ರ, ಒಂದೇ ಬಾಕಿ. ಕಲ್ಯಾಣಮ್ಮ ಒಂದು ರಿಯಾಯಿತಿ ಕೊಟ್ಟಿದ್ದಳು: ಶೈಲಶ್ರೀ ಬರೆಯುತ್ತಿರುವ ಕಥೆಯ ಅರವತ್ತನೇ ಅಧ್ಯಾಯದಲ್ಲಿ ದಿನಕರ ಈಜಿ ದಡ ಸೇರಿ ಮನೆಗೆ ಬಂದರೆ ದುಃಖ ಮುಗಿಯಿತು. ಐವತ್ತೊಂಬತ್ತು ಅಧ್ಯಾಯ ಆಗಿದ್ದವು. ಆಗ ನಿಯಮಾವಳಿ ವಾಟ್ಸಾಪಿನಲ್ಲಿ ಬಂತು. ಭೀಮಶಾ ಅದನ್ನು ತಾಯಿಗೆ ಗಟ್ಟಿಯಾಗಿ ಓದಿ ಹೇಳಿದ. ಆಮೇಲೆ ಯಾಕೆ ಓದಿದೆನೋ ಎಂದುಕೊಂಡ.

“ಸರಕಾರದವ್ರೇ ಹೇಳ್ಯಾರಂದ ಮ್ಯಾಲ ಬರೇ ನಿನ್ನ ಬರವಣಗಿ ನಡಿಯಂಗಿಲ್ಲ ಶೈಲಾ,” ಎಂದಳು ಆಯಿ. “ಗುಂಡ ಸಿಕ್ಕಾ ಒತ್ತಿದ್ದು ದಾಖಲಾ ತಗೊಂಡ್ ಬಾ. ಆಮ್ಯಾಲ ಸಕ್ರಿ.”

“ಆಯೀ, ಅದು ಸರಕಾರ ಅಲ್ಲ, ಮಂಡಳಿ.”

“ಸಿಕ್ಕಾ ಐತಿಲ್ಲ?”

“ಐತಿ.”

“ಹಂಗಾರ ಸರಕಾರನ.”

ಮರುದಿನ ಶೈಲಶ್ರೀ ಮಾಳಿಗೆ ಹತ್ತಿದಳು. ಲಿಸ್ಬನ್‌ನಿಂದ ಲಾತೂರಿನವರೆಗೆ ಕಚೇರಿಗಳ ಬೆಂಚು ಒಂದೇ ಎತ್ತರ, ಕೂತವರ ಕಾಲು ನೆಲಕ್ಕೆ ಮುಟ್ಟದಷ್ಟು. ಅಮೋಲ್ ನಮೂನೆ ಕೊಟ್ಟ.

“ಇಲ್ಲಿ ಅರ್ಜಿದಾರನ ಸಹಿ, ಇಲ್ಲಿ ಎರಡ್ ಫೋಟೋ. ಅಂವಾ ಖುದ್ದ್ ಬರ್ಬೇಕ್ರಿ ಅಕ್ಕಾ.”

“ಅಂವಾ ಹೆಂಗ್ ಬರ್ತಾನ್ರಿ? ಸತ್ತಾನ.”

“ಸತ್ತಿದ್ರ ಈ ದಾಖಲಾ ಸಿಗಂಗಿಲ್ಲ. ಇದು ಇದ್ದವ್ರಿಗೆ.”

“ಕತಿಯಾಗ ಇದ್ದಾನಂತ ಬರ್ಯಾಕ ದಾಖಲಾ ಬೇಕಲ್ರಿ?”

“ಹೌದಲ್ರಿ. ಅದಕ್ಕ ಕರ್ಕೊಂಡ್ ಬರ್ರಿ.”

ಇಬ್ಬರೂ ಒಬ್ಬರನ್ನೊಬ್ಬರು ಗೌರವದಿಂದ ನೋಡಿಕೊಂಡರು. ಆಮೇಲೆ ಅಮೋಲ್ ಕುರ್ಚಿ ಮುಂದೆಳೆದು ದನಿ ತಗ್ಗಿಸಿದ. ಮಂಡಳಿಯಲ್ಲಿ ಲಂಚ ಪೂರ್ತಿ ನಿಷಿದ್ಧ, ಅದಕ್ಕೆ ಗೋಡೆಯ ಮೇಲೆ ಫಲಕವೂ ಇದೆ. ಆದರೆ ನಿಯಮಾವಳಿಯ ಒಂಬತ್ತನೇ ಪುಟದಲ್ಲಿ ‘ಸೆಲ್ಫ್ ಇನ್ಸರ್ಟ್’ ಎಂಬ ಪದವಿದೆ. ಅಭಿಮಾನಿ ತಾನೇ ಒಂದು ಪಾತ್ರವಾಗಿ ಕಥೆಯೊಳಗೆ ನುಗ್ಗುವುದು. ಮಂಡಳಿಯ ಸಿಬ್ಬಂದಿಗೆ ಕೆಲಸದ ಒತ್ತಡದಿಂದ ತಾವೇ ಬರೆದುಕೊಂಡು ನುಗ್ಗಲು ಬಿಡುವಿಲ್ಲ. ಅರ್ಜಿದಾರರು ಸ್ವಂತ ಇಚ್ಛೆಯಿಂದ ಒಳಗೆ ಸೇರಿಸಿದರೆ ಕಡತ ಮುಂದಕ್ಕೆ ಸರಿಯಲು ಅನುಕೂಲ.

“ನಂದು ಸಣ್ಣ ಪಾತ್ರ ಸಾಕ್ರಿ,” ಎಂದ ಅಮೋಲ್. “ಕೊಳಲು ಬಾರಿಸ್ತಿರಬೇಕು. ಹುಡುಗ್ಯಾರು ಹೊಳ್ಳಿ ನೋಡಬೇಕು. ಆದ್ರ ನಾ ನೋಡಬಾರದು.”

ಅದು ಬರೆದಾಯಿತು. ಕಡತ ಉಪಾಧ್ಯಕ್ಷೆ ಸುಮಿತ್ರಾಬಾಯಿಯವರ ಮೇಜಿಗೆ ಬಂತು. ಅವರಿಗೆ ಅರವತ್ತೊಂದು ವರ್ಷ. ಕಥೆಯಲ್ಲಿ ಮೂವತ್ತೆರಡರ ಹೈಕೋರ್ಟ್ ವಕೀಲೆಯಾಗಿ, ಕರಿ ಕೋಟಿನಲ್ಲಿ ಬುಲೆಟ್ ಮೇಲೆ ಬಂದಿಳಿದರು. ಓದಿ, ಬುಲೆಟ್ಟಿನ ಬಣ್ಣ ಬದಲಿಸಿ ಸಹಿ ಮಾಡಿದರು. ಜವಾನ ನಾಗಪ್ಪನಿಗೆ ನಿವೃತ್ತಿಗೆ ಎರಡು ತಿಂಗಳಿತ್ತು. ಅವನು ಕಡತವನ್ನು ಎದೆಗವಚಿಕೊಂಡು ನಿಂತ.

“ನಂಗ ಭಾಳೇನ್ ಬ್ಯಾಡವ್ವಾ. ಮೂವತ್ನಾಕ್ ವರ್ಷ ಚಾ ಕೊಟ್ಟೇನಿ. ಕತಿಯಾಗ ಯಾರರೆ ನಂಗ ಒಂದ್ ಕಪ್ ಚಾ ತಂದ್ ಕೊಡ್ಲಿ.”

ಶೈಲಶ್ರೀ ಆ ಸಾಲನ್ನು ಅಲ್ಲೇ, ಅವನೆದುರಿಗೇ ಬರೆದಳು. ಲಂಚವೆನ್ನುವ ಭಾವನೆ ಬಾರದೆ ಅವಳು ಬರೆದದ್ದು ಅದೊಂದನ್ನೇ.

ಉಳಿದವರು ಅಧ್ಯಕ್ಷ ಸಾಯಬಣ್ಣನವರು. ಮೂವತ್ತು ಎಕರೆ ಕಬ್ಬಿನ ಒಡೆಯರು, ಐದಡಿ ಮೂರಿಂಚು ಎತ್ತರ, ಎರಡೂ ಮಂಡಿಗೆ ಪಟ್ಟಿ. ಕಥೆಯಲ್ಲಿ ಆರಡಿಯವರಾಗಿ, ಮೆಟ್ಟಿಲನ್ನು ಎರಡೆರಡಾಗಿ ಹಾರಿ ಹತ್ತುತ್ತ, ಒಮ್ಮೆ ಕಂಡ ಮುಖವನ್ನು ಜನ್ಮದಲ್ಲಿ ಮರೆಯದ ಅಧಿಕಾರಿಯಾಗಿ ಬಂದರು. ಅವರು ಓದಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು.

“ಇದ್ದದ್ದ್ ಇದ್ದಂಗ ಬರದೀ ತಂಗಿ. ಖುಷಿ ಆತು.”

“ಹಂಗಾರ ಸಹಿ ಮಾಡ್ತೀರೇನ್ರಿ ಸಾಹೇಬ್ರ?”

“ಸಹಿ ಹೆಂಗ್ ಮಾಡ್ಲಿ? ಅಂವಾ ಖುದ್ದ್ ಬಂದಿಲ್ಲ. ನಾ ತತ್ವದ ಮನಶ್ಯಾ. ನೀನ ಬರದೀಯಲ್ಲ, ಮೂರನೇ ಪ್ಯಾರಾದಾಗ.”

ಹೌದು, ಮೂರನೇ ಪ್ಯಾರಾದಲ್ಲಿ ಅವಳೇ ಬರೆದಿದ್ದಳು. ಕೆಳಗಿಳಿದು ಬಂದಾಗ ಕಾಂತೇಶ ರಸ್ತೆಯಾಚೆ ಬೈಕಿನ ಹತ್ತಿರ ಕಾಯುತ್ತ ನಿಂತಿದ್ದ. ಮೊಣಕೈತನಕ ನೀಲಿ ಬಣ್ಣ.

“ನಮ್ಮವ್ವ ಕೇಳಾಕತ್ತಾಳ, ದೀಪಾವಳಿ ದಾಟಿದ್ರ ಬ್ಯಾರೆ ಕಡೆ ನೋಡೂದೇನಂತ,” ಎಂದ. “ನಾ ಏನ್ ಹೇಳ್ಲಿ? ಹುಡುಗಿ ಮನ್ಯಾಗ ಟೀವಿಯವ ಸತ್ತಾನಂತ ಹೇಳ್ಲ್ಯಾ?”

“ನೀ ಒಬ್ಬನ್ನ ಕರ್ಕೊಂಡ್ ಬಂದು ನಿಂದ್ರಸ್ತೀ ಏನು, ದಿನಕರ ಅಂತ ಹೇಳಿ?”

“ಸುಳ್ಳಾಕ್ಕೈತಿ ಅದು,” ಎಂದ ಕಾಂತೇಶ ಗಾಬರಿಯಿಂದ. “ಕಾಗದದ ಮ್ಯಾಲಿದ್ರ ಬ್ಯಾರೆ ಮಾತು.”

ಶೈಲಶ್ರೀ ಮೈಂದರ್ಗಿ ಬಸ್ಸು ಹತ್ತಿದಳು. ಬಸ್ಸು ಅಕ್ಕಲಕೋಟ ಮುಟ್ಟುವುದರೊಳಗೆ ಅರವತ್ತನೇ ಅಧ್ಯಾಯ ಬರೆದು ಮುಗಿಸಿದ್ದಳು.

ಮುಂದಿನ ಸೋಮವಾರ ಮಂಡಳಿಯ ಸಭೆಯಲ್ಲಿ ಅವಳೇ ಅದನ್ನು ಓದಿದಳು. ಅಧ್ಯಾಯದಲ್ಲಿ ದಿನಕರ ಈಜಿ ದಡ ಸೇರಿ, ಬಟ್ಟೆ ಹಿಂಡಿಕೊಂಡು, ಮನೆಗೆ ಹೋಗದೆ ನೇರ ಈ ಮಾಳಿಗೆಗೇ ಬರುತ್ತಾನೆ. ಹಿಂದಿನ ಮಂಗಳವಾರ, ಬೆಳಗ್ಗೆ ಹನ್ನೊಂದು ನಲವತ್ತು. ಬಾಗಿಲಲ್ಲಿ ನಿಂತ ನಾಗಪ್ಪನಿಗೆ ತಾನೇ ಕೆಳಗಿನಿಂದ ಚಹಾ ತಂದು ಕೊಡುತ್ತಾನೆ. ಕೊಳಲನ್ನು ಪಕ್ಕಕ್ಕಿಟ್ಟು ಅಮೋಲ್ ಅವನ ಅರ್ಜಿಯನ್ನು ಬಂದ ಕಾಗದ ದಾಖಲಿಸುವ ಆವಕ ರಜಿಸ್ಟರಿನಲ್ಲಿ ಇನ್ನೂರ ಹದಿನಾಲ್ಕನೇ ನಂಬರಿಗೆ ಏರಿಸುತ್ತಾನೆ. ಸುಮಿತ್ರಾಬಾಯಿ ವಕೀಲರ ಕಣ್ಣಿನಿಂದ ಕಾಗದ ಪರೀಕ್ಷಿಸುತ್ತಾರೆ. ಅಧ್ಯಕ್ಷರು ಮಗ್ಗದ ಬಗ್ಗೆ ಯಾವ ಮೆಕ್ಯಾನಿಕ್ಕೂ ಕೇಳಿರದಂಥ ಮೂರು ಪ್ರಶ್ನೆ ಕೇಳಿ, ಅವನ ಮುಖ ದಿಟ್ಟಿಸಿ, ‘ನೀನೇ ದಿನಕರ’ ಎಂದು ಸಹಿ ಮಾಡುತ್ತಾರೆ.

ಓದಿ ಮುಗಿಯಿತು. ಅಮೋಲ್ ಎದ್ದುಹೋಗಿ ಆವಕ ರಜಿಸ್ಟರ್ ತಂದ. ಮಂಡಳಿಯ ಪದ್ಧತಿಯೆಂದರೆ, ಹಿಂದಿನ ತಾರೀಖಿನಲ್ಲಿ ಯಾರ ಅರ್ಜಿಯನ್ನಾದರೂ ಸೇರಿಸಬೇಕಾಗಿ ಬರಬಹುದೆಂದು ಪ್ರತಿ ಪುಟದಲ್ಲಿ ಒಂದು ನಂಬರು ಖಾಲಿ ಬಿಡುವುದು. ಅರ್ಜಿಗಾಗಿ ಆರು ಸಲ ಮಾಳಿಗೆ ಹತ್ತಿದ ಯಾರಿಗೂ ಇದು ಗೊತ್ತಿರದೆ ಇರುವುದಿಲ್ಲ. ಇನ್ನೂರ ಹದಿನಾಲ್ಕು ಖಾಲಿ ಇತ್ತು, ಮಂಗಳವಾರದ ತಾರೀಖಿನ ಎದುರಿಗೆ.

“ಜಾಗಾ ಅಂತೂ ಐತ್ರಿ,” ಎಂದ ಅಮೋಲ್.

“ಅಂವಾ ಬಂದಿದ್ದೇನೋ ನಾಗಪ್ಪಾ?” ಅಧ್ಯಕ್ಷರು ಕೇಳಿದರು.

ನಾಗಪ್ಪ ಕೈಯಲ್ಲಿದ್ದ ಚಹಾದ ತಟ್ಟೆಯನ್ನು ಕೆಳಗಿಟ್ಟ. “ಚಾದಾಗ ಸಕ್ರಿ ಕಮ್ಮಿ ಇತ್ರಿ ಸಾಹೇಬ್ರ. ಆದ್ರ ಬಿಸಿ ಇತ್ತು.”

ಸುಮಿತ್ರಾಬಾಯಿ ತಮ್ಮ ಭಾಗದ ಬಗ್ಗೆ ತಕರಾರಿಲ್ಲವೆಂದರು. ಎಲ್ಲರೂ ಅಧ್ಯಕ್ಷರ ಕಡೆ ನೋಡಿದರು. ಸಾಯಬಣ್ಣನವರು ಅಧ್ಯಾಯದ ಪ್ರತಿಯಲ್ಲಿ ತಮ್ಮ ಭಾಗ ಹುಡುಕಿ ಮತ್ತೆ ಓದಿಕೊಂಡರು. ದಿನಕರ ಬಂದಿರಲಿಲ್ಲವೆಂದರೆ, ಅವನನ್ನು ಗುರುತು ಹಿಡಿದ ಆರಡಿಯ ಮನುಷ್ಯನೂ ಆ ದಿನ ಕಚೇರಿಯಲ್ಲಿ ಇರಲಿಲ್ಲ ಎಂದಾಗುತ್ತಿತ್ತು. ಮೆಟ್ಟಿಲು ಹಾರಿ ಹತ್ತಿದ್ದೂ ಕಡತದಿಂದ ಹೋಗುತ್ತಿತ್ತು. ಅವರು ಮಂಡಿ ಸವರಿಕೊಂಡರು.

“ಬಂದಿದ್ದ,” ಎಂದರು ಕೊನೆಗೆ. “ಮೈಯೆಲ್ಲ ತೊಯ್ದಿತ್ತು. ನಾನ ಟವೆಲ್ ಕೊಟ್ಟೆ.”

ಟವೆಲಿನ ವಿಷಯ ಅಧ್ಯಾಯದಲ್ಲಿ ಇರಲಿಲ್ಲ. ಶೈಲಶ್ರೀ ಅದನ್ನು ಅಲ್ಲೇ ಸೇರಿಸಿಕೊಂಡಳು. ಸಹಿ ಬಿತ್ತು, ಗುಂಡನೆಯ ಸಿಕ್ಕಾ ಬಿತ್ತು.

ಮೈಂದರ್ಗಿಯಲ್ಲಿ ಕಲ್ಯಾಣಮ್ಮ ಕಾಗದವನ್ನು ಬಿಸಿಲಿಗೆ ಹಿಡಿದು ಸಿಕ್ಕಾದ ಸುತ್ತಳತೆ ನೋಡಿದಳು, ಅಕ್ಷರ ಓದಲಿಲ್ಲ. ಆಮೇಲೆ ತಲೆಗೆ ನೀರು ಹಾಕಿಕೊಂಡು ಬಂದು, ಬಾಂಡಲೆ ತೊಳೆಯಲು ಹೇಳಿದಳು. ಕಾಂತೇಶನ ತಾಯಿ ಬೈಠಕ್ಕಿಗೆ ಬಂದಾಗ ಮೊದಲು ಆ ದಾಖಲಾ ಕೇಳಿ ನೋಡಿದಳು. ಅದರ ಅವಧಿ ಒಂದೇ ವರ್ಷ, ಪ್ರತಿ ನವೆಂಬರಿನಲ್ಲಿ ನವೀಕರಿಸಬೇಕು. ಆದ್ದರಿಂದ ‘ಲಗ್ನದ ನಂತರವೂ ಹುಡುಗಿ ವರ್ಷಕ್ಕೊಂದು ಅಧ್ಯಾಯ ಬರೆದು ದಿನಕರ ಅವರನ್ನು ಕಚೇರಿಗೆ ಹಾಜರುಪಡಿಸತಕ್ಕದ್ದು, ಅದಕ್ಕೆ ಗಂಡನ ಮನೆಯವರ ಹರಕತ್ ತಕರಾರು ಇರುವುದಿಲ್ಲ’ ಎಂದು ಲಗ್ನದ ಕರಾರಿನ ಯಾದಿಯಲ್ಲಿ ಬರೆಸಿ, ಎರಡೂ ಕಡೆಯ ಹಿರಿಯರು ಸಹಿ ಹಾಕಿದರು.

ದೀಪಾವಳಿಗೆ ಒಂಬತ್ತು ದಿನ ಇರುವಾಗ ಸಾಖರಪುಡಾ ಆಯಿತು. ಮಂಡಳಿಯವರೆಲ್ಲ ಬಂದಿದ್ದರು. ಸುಮಿತ್ರಾಬಾಯಿ ಕರಿ ಕೋಟು ಹಾಕಿದ್ದರು. ಸಾಯಬಣ್ಣನವರು ಮಂಟಪದ ಮೂರು ಮೆಟ್ಟಿಲನ್ನು, ಇಬ್ಬರು ರಟ್ಟೆ ಹಿಡಿದಿರಲಾಗಿ, ಎರಡೇ ಹೆಜ್ಜೆಯಲ್ಲಿ ಹತ್ತಿದರು. ಕಲ್ಯಾಣಮ್ಮನ ಪಕ್ಕದಲ್ಲಿ ಹೊಸ ಕವರು ಹಾಕಿದ ಒಂದು ಕುರ್ಚಿ ಇತ್ತು, ಅದರ ಮೇಲೆ ಯಾರೂ ಕೂತಿರಲಿಲ್ಲ. ಬಂದವರು ಅದಕ್ಕೂ ಕುಂಕುಮ ಹಚ್ಚಿ, ಟೋಪಿ ಟವೆಲ್ಲಿನ ಆಹೇರು ಉಡುಗೊರೆ ಇಟ್ಟು ಮುಂದೆ ಸರಿಯುತ್ತಿದ್ದರು.

ಎಲ್ಲರ ಫೋಟೋ ತೆಗೆಯುವ ಹೊತ್ತಿಗೆ ಫೋಟೋಗ್ರಾಫರ್ ಶುಭಂ ಕ್ಯಾಮೆರಾದಿಂದ ತಲೆ ಎತ್ತಿ ಅಧ್ಯಕ್ಷರಿಗೆ ಕೈ ಮಾಡಿದ.

“ಸಾಹೇಬ್ರ, ತುಸು ಬಾಜೂ ಸರೀರಿ. ದಿನಕರ ಅವ್ರು ಕಾಣಾಕತ್ತಿಲ್ಲ.”

ಸಾಯಬಣ್ಣನವರು ಕ್ಷಮೆ ಕೇಳಿ ಸರಿದರು. ಕಲ್ಯಾಣಮ್ಮ ಪಕ್ಕದ ಕುರ್ಚಿಯನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು.

“ಭಾಳ ಸೊರಗ್ಯಾನ,” ಎಂದಳು.

ಹೌದೆಂದು ಎಲ್ಲರೂ ಒಪ್ಪಿದರು.